‘ಮೀಟರ್ ಚೆಕ್ ಮಾಡ್ಬೇಕು, ಬಾಗಿಲು ತೆಗೀರಿ’: ನಕಲಿ ಕರೆಂಟ್, ಗ್ಯಾಸ್ ಸಿಬ್ಬಂದಿ ಬಂದಾಗ ಹಂತ ಹಂತವಾಗಿ ಏನು ಮಾಡಬೇಕು?

‘ಐಡಿ ಕಾರ್ಡ್ ನೋಡಿಯೇ ಒಳಗೆ ಬಿಟ್ಟಿದ್ದು.’ ಮೋಸ ಹೋದವರು ಹೆಚ್ಚಾಗಿ ಹೇಳುವ ಮಾತು ಇದು. ಅಂದರೆ ಅವರು ಎಚ್ಚರ ತಪ್ಪಿರಲಿಲ್ಲ, ವಿಚಾರಿಸಿದ್ದರು. ತಪ್ಪಿದ್ದು ಎಲ್ಲಿ ಅಂದರೆ ಕ್ರಮದಲ್ಲಿ. ಮೊದಲು ಬಾಗಿಲು ತೆಗೆದರು, ಆಮೇಲೆ ವಿಚಾರಿಸಿದರು. ಅದೂ ಬಂದವನ ಕೈಯಲ್ಲಿದ್ದ ಕಾರ್ಡನ್ನೇ ನೋಡಿ ನಂಬಿದರು. ಫೋಟೋ ಹಾಕಿ, ಲ್ಯಾಮಿನೇಟ್ ಮಾಡಿ, ಕೊರಳಿಗೆ ದಾರ ಕಟ್ಟಿಕೊಂಡ ಕಾರ್ಡನ್ನು ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ ಮಾಡಿಸಬಹುದು.

ಅದಕ್ಕೇ ಈ ಲೇಖನದಲ್ಲಿ ಕ್ರಮಕ್ಕೆ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಮೊದಲು ಫೋನ್, ಆಮೇಲೆ ಬಾಗಿಲು. ಹಣ ಮಾತ್ರ ಬಾಗಿಲಲ್ಲಿ ಬೇಡವೇ ಬೇಡ. ಇಲ್ಲಿರುವ ವಿವರ ಕರ್ನಾಟಕದ ಮನೆಗಳಿಗೆ ಹೊಂದುವಂಥದ್ದು. ನಿಮ್ಮ ವಿದ್ಯುತ್ ಕಂಪನಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೈಸೂರು ಭಾಗದ ಸೆಸ್ಕ್, ಯಾವುದೇ ಆದರೂ ಹಂತಗಳು ಒಂದೇ.

ಹಂತ 1: ಇವತ್ತೇ ಮಾಡಿಟ್ಟುಕೊಳ್ಳಬೇಕಾದ ತಯಾರಿ

ಬೆಲ್ ಹೊಡೆದ ಮೇಲೆ ನಂಬರ್ ಹುಡುಕಲು ಕೂತರೆ ಆಗುವುದಿಲ್ಲ. ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಈ ನಂಬರ್‌ಗಳನ್ನು ಬರೆದು ಬಾಗಿಲ ಒಳಬದಿಗೆ ಅಂಟಿಸಿ:

• ವಿದ್ಯುತ್ ಸಹಾಯವಾಣಿ: 1912
• ಪೊಲೀಸ್: 112
• ಗ್ಯಾಸ್ ಸೋರಿಕೆ ತುರ್ತು ಸಹಾಯ: 1906
• ಆನ್‌ಲೈನ್ ಹಣ ಹೋದರೆ: 1930
• ನಿಮ್ಮ ಏರಿಯಾದ ವಿದ್ಯುತ್ ಸೆಕ್ಷನ್ ಆಫೀಸ್
• ನಿಮ್ಮ ಗ್ಯಾಸ್ ಏಜೆನ್ಸಿ (ಗ್ಯಾಸ್ ಪುಸ್ತಕದಲ್ಲಿ ಇರುತ್ತದೆ)
• ಹಗಲು ಹೊತ್ತು ಮನೆಯಲ್ಲಿರುವ ಒಬ್ಬ ನೆರೆಯವರು

ಕೊನೆಯ ಮೂರನ್ನೇ ಜನ ಬಿಟ್ಟುಬಿಡುತ್ತಾರೆ. ಆದರೆ ನಿಜವಾಗಿ ಕೆಲಸಕ್ಕೆ ಬರುವುದು ಅವೇ. 1912ರಲ್ಲಿ ಕೂತವರಿಗೆ ನಿಮ್ಮ ಬೀದಿಗೆ ಇವತ್ತು ಯಾರು ಬಂದಿದ್ದಾರೆ ಅನ್ನುವುದು ತಕ್ಷಣ ಗೊತ್ತಿರಬೇಕೆಂದಿಲ್ಲ. ಸೆಕ್ಷನ್ ಆಫೀಸ್‌ನವರಿಗೆ ತಮ್ಮ ಲೈನ್‌ಮ್ಯಾನ್ ಯಾರು, ಮೀಟರ್ ರೀಡರ್ ಯಾರು ಅನ್ನುವುದು ಗೊತ್ತಿರುತ್ತದೆ. ಆ ಆಫೀಸಿನ ನಂಬರ್ ಇಲ್ಲದಿದ್ದರೆ ಒಮ್ಮೆ ಹೋಗಿ ಬರೆದುಕೊಂಡು ಬನ್ನಿ.

ಇನ್ನೊಂದು ಕೆಲಸ: ಮೀಟರಿನ ಫೋಟೋ. ಮೀಟರ್ ನಂಬರ್, ರೀಡಿಂಗ್, ಮುಖ್ಯವಾಗಿ ಮೀಟರಿಗೆ ಹಾಕಿರುವ ಸೀಲ್ ಸ್ಪಷ್ಟವಾಗಿ ಕಾಣಬೇಕು. ಸೀಲನ್ನು ತಾವೇ ಮುರಿದು, ‘ನೋಡಿ, ಮೀಟರ್ ಟ್ಯಾಂಪರ್ ಆಗಿದೆ, ಕೇಸ್ ಆಗುತ್ತೆ’ ಎಂದು ಹೆದರಿಸುವುದು ವಂಚಕರ ಒಂದು ದಾರಿ. ಕಳೆದ ತಿಂಗಳು ಸೀಲ್ ಸರಿಯಿತ್ತು ಎನ್ನುವ ಫೋಟೋ ನಿಮ್ಮ ಮೊಬೈಲಿನಲ್ಲಿದ್ದರೆ ಆ ಮಾತಿಗೆ ಬೆಲೆಯೇ ಇರುವುದಿಲ್ಲ. ಜೊತೆಗೆ ಕೊನೆಯ ಬಿಲ್ ಕಟ್ಟಿದ ರಸೀದಿಯ ಫೋಟೋನೂ ಇರಲಿ.

ಬಾಗಿಲಿಗೆ ಒಂದು ಚೈನ್, ಒಂದು ಇಣುಕು ಕಿಂಡಿ ಹಾಕಿಸಿ. ಗ್ರಿಲ್ ಬಾಗಿಲು ಇದ್ದರೆ ಅದಕ್ಕೆ ಸದಾ ಚಿಲಕ ಇರಲಿ.

ಹಂತ 2: ಬೆಲ್ ಆದಾಗ, ಬಾಗಿಲು ತೆಗೆಯುವ ಮುಂಚೆ

ಕಿಂಡಿಯಿಂದಲೋ ಕಿಟಕಿಯಿಂದಲೋ ನೋಡಿ. ಎಷ್ಟು ಜನ ಇದ್ದಾರೆ, ಕೈಯಲ್ಲಿ ಏನಿದೆ, ಗಾಡಿ ಎಲ್ಲಿ ನಿಲ್ಲಿಸಿದ್ದಾರೆ ಅಂತ ಗಮನಿಸಿ. ಮಾತೆಲ್ಲ ಮುಚ್ಚಿದ ಬಾಗಿಲ ಒಳಗಿನಿಂದಲೇ ಆಗಲಿ. ಇದು ಒರಟುತನ ಅಂತ ಬಹಳ ಜನಕ್ಕೆ, ಅದರಲ್ಲೂ ನಮ್ಮ ಹಿರಿಯರಿಗೆ ಅನಿಸುತ್ತದೆ. ಮನೆಗೆ ಬಂದವರನ್ನು ಬಿಸಿಲಲ್ಲಿ ನಿಲ್ಲಿಸುವುದು ಹೇಗೆ ಅಂತ ಮನಸ್ಸು ಹಿಂಜರಿಯುತ್ತದೆ. ನಿಲ್ಲಿಸಿ, ಪರವಾಗಿಲ್ಲ. ದಿನಕ್ಕೆ ಹತ್ತಾರು ಮನೆ ಸುತ್ತುವ ಸಿಬ್ಬಂದಿಗೆ ಗೇಟಿನ ಹೊರಗೆ ಕಾಯುವುದು ಹೊಸದಲ್ಲ.

ಈಗ ಒಂದು ಪ್ರಶ್ನೆ ಕೇಳಿಕೊಳ್ಳಿ: ನಮ್ಮ ಮೀಟರ್ ಎಲ್ಲಿದೆ? ಈಗಿನ ಹೆಚ್ಚಿನ ಮನೆಗಳಲ್ಲಿ ಅದು ಹೊರಗೋಡೆಯ ಮೇಲೋ, ಕಾಂಪೌಂಡಿನಲ್ಲೋ ಇರುತ್ತದೆ. ಅಪಾರ್ಟ್‌ಮೆಂಟ್ ಆದರೆ ಕೆಳಗಿನ ಪ್ಯಾನಲ್‌ನಲ್ಲಿ. ಮೀಟರ್ ಹೊರಗಿದ್ದ ಮೇಲೆ ಮೀಟರ್ ನೋಡುವುದಕ್ಕೆ ಹಾಲ್‌ಗೆ ಯಾಕೆ ಬರಬೇಕು? ‘ಮೀಟರ್ ಹೊರಗಡೆಯೇ ಇದೆ, ನೋಡಿಕೊಳ್ಳಿ’ ಅಂದರೆ ನಿಜವಾದ ರೀಡರ್ ರೀಡಿಂಗ್ ಬರೆದುಕೊಂಡು ಬಿಲ್ ಗೇಟಿಗೆ ಸಿಕ್ಕಿಸಿ ಹೋಗುತ್ತಾನೆ. ಅಷ್ಟಾದರೂ ‘ಒಳಗಡೆ ವೈರಿಂಗ್ ನೋಡ್ಬೇಕು, ಲೋಡ್ ಚೆಕ್ ಮಾಡ್ಬೇಕು’ ಅಂದರೆ ನಾಲ್ಕನೇ ಹಂತ ಮುಗಿಯುವವರೆಗೆ ಬಾಗಿಲು ಮುಟ್ಟಬೇಡಿ.

ನಿಮ್ಮ ಮನೆಯಲ್ಲಿ ಮಾತ್ರ ಇದ್ದಕ್ಕಿದ್ದಂತೆ ಕರೆಂಟ್ ಹೋಗಿ, ಎರಡೇ ನಿಮಿಷದಲ್ಲಿ ‘ಕರೆಂಟ್ ಆಫೀಸಿಂದ ಬಂದಿದ್ದೀವಿ’ ಅಂತ ಯಾರೋ ಬಾಗಿಲು ಬಡಿದರೆ ಬಹಳ ಹುಷಾರು. ಕಿಟಕಿಯಿಂದ ಎದುರು ಮನೆ ನೋಡಿ. ಅಲ್ಲಿ ದೀಪ, ಫ್ಯಾನ್ ನಡೆಯುತ್ತಿದ್ದರೆ ನಿಮ್ಮ ಹೊರಗಿನ ಮೇನ್ ಸ್ವಿಚ್ ಯಾರೋ ಆಫ್ ಮಾಡಿರಬಹುದು. ನೀವು ಕಂಪ್ಲೇಂಟ್ ಕೊಡದೆ ಎರಡು ನಿಮಿಷದಲ್ಲಿ ರಿಪೇರಿಯವರು ಬರುವುದಿಲ್ಲ, ಅಲ್ವಾ? ಹೊರಗೆ ಹೋಗಬೇಡಿ. ನೆರೆಯವರಿಗೆ ಫೋನ್ ಮಾಡಿ ಅವರನ್ನು ಬರಹೇಳಿ.

ಹಂತ 3: ಕೇಳಬೇಕಾದ ಪ್ರಶ್ನೆಗಳು

ನಾಲ್ಕೇ ಪ್ರಶ್ನೆ ಸಾಕು. ನಿಮ್ಮ ಹೆಸರೇನು? ಯಾವ ಸೆಕ್ಷನ್ ಆಫೀಸ್, ಅಥವಾ ಯಾವ ಗ್ಯಾಸ್ ಏಜೆನ್ಸಿ? ಯಾವ ಕೆಲಸಕ್ಕೆ ಬಂದಿದ್ದೀರಿ? ನಿಮ್ಮನ್ನು ಕಳಿಸಿದ ಅಧಿಕಾರಿ ಯಾರು? ಉತ್ತರವನ್ನು ಬರೆದುಕೊಳ್ಳಿ, ಬರೆದುಕೊಳ್ಳುತ್ತಿದ್ದೀರಿ ಅಂತ ಅವರಿಗೆ ಕೇಳಿಸಲಿ. ‘ಸ್ವಲ್ಪ ನಿಧಾನಕ್ಕೆ ಹೇಳಿ, ಬರ್ಕೊಳ್ತಾ ಇದ್ದೀನಿ’ ಅಂದಾಗಲೇ ಕೆಲವರು ಮೆಲ್ಲಗೆ ಜಾರಿಕೊಳ್ಳುತ್ತಾರೆ.

ಇಲ್ಲಿ ಆಗುವ ದೊಡ್ಡ ತಪ್ಪು ಎಂದರೆ ಅವರಿಗೆ ನಮ್ಮ ವಿವರ ಗೊತ್ತಿದೆ ಅನ್ನುವ ಕಾರಣಕ್ಕೆ ನಂಬುವುದು. ‘ನನ್ನ ಹೆಸರು ಹೇಳಿದ್ರು, ಆರ್‌ಆರ್ ನಂಬರ್ ಕೂಡ ಕರೆಕ್ಟಾಗಿ ಹೇಳಿದ್ರು’ ಅನ್ನುತ್ತಾರೆ ಜನ. ಆರ್‌ಆರ್ ನಂಬರ್ ಅಂದರೆ ನಿಮ್ಮ ವಿದ್ಯುತ್ ಸಂಪರ್ಕದ ನಂಬರ್. ಆ ಹೆಸರು, ಆ ನಂಬರ್, ಕಟ್ಟಬೇಕಾದ ಮೊತ್ತ ಎಲ್ಲವೂ ನಿಮ್ಮ ಗೇಟಿಗೆ ಸಿಕ್ಕಿಸಿ ಹೋದ ಬಿಲ್ಲಿನಲ್ಲೇ ಅಚ್ಚಾಗಿರುತ್ತದೆ. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಓದಬಹುದು. ಹಾಗಾಗಿ ಬಿಲ್ ಬಂದ ಕೂಡಲೇ ಒಳಗೆ ತೆಗೆದಿಟ್ಟುಕೊಳ್ಳಿ.

‘ಕೆಇಬಿಯಿಂದ ಬಂದಿದ್ದೀವಿ’ ಅಂದರೆ ಅದನ್ನು ಅನುಮಾನದ ಗುರುತು ಅಂತ ತಿಳಿಯಬೇಡಿ. ಕೆಇಬಿ ಅನ್ನುವ ಹಳೇ ವಿದ್ಯುತ್ ಮಂಡಳಿ ಈಗಿಲ್ಲದಿದ್ದರೂ ಅಸಲಿ ಲೈನ್‌ಮ್ಯಾನ್‌ಗಳೂ ಹಾಗೆಯೇ ಹೇಳುತ್ತಾರೆ. ಯೂನಿಫಾರ್ಮ್, ಹೆಲ್ಮೆಟ್, ಏಣಿ, ಟೆಸ್ಟರ್ ಇವೂ ಅಷ್ಟೇ. ಇದ್ದರೆ ಅಸಲಿ ಅಂತಲ್ಲ, ಇಲ್ಲದಿದ್ದರೆ ನಕಲಿ ಅಂತಲೂ ಅಲ್ಲ.

ನಿಜವಾಗಿ ಗಮನಿಸಬೇಕಾದ್ದು ಬೇರೆ:

• ಪ್ರಶ್ನೆ ಕೇಳಿದರೆ ಉತ್ತರ ಕೊಡದೆ ಅವಸರ ಮಾಡುವುದು: ‘ಈಗಲೇ ಕಟ್ಟದಿದ್ರೆ ಸಂಜೆ ಲೈನ್ ಕಟ್.’
• ಫೋನ್ ಮಾಡುತ್ತೇನೆ ಎಂದಾಗ ತಡೆಯುವುದು, ಅಥವಾ ‘ಈ ನಂಬರಿಗೆ ಮಾಡಿ, ನಮ್ಮ ಸಾಹೇಬ್ರು ಸಿಗ್ತಾರೆ’ ಎಂದು ತಮ್ಮ ಫೋನನ್ನೇ ಚಾಚುವುದು.
• ಒಬ್ಬ ಮಾತಾಡುತ್ತಿರುವಾಗ ಇನ್ನೊಬ್ಬ ಪಕ್ಕದ ಓಣಿ, ಹಿತ್ತಲು ನೋಡುತ್ತಿರುವುದು.
• ಮನೆಯಲ್ಲಿ ಯಾರ‍್ಯಾರಿದ್ದಾರೆ, ಯಜಮಾನರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳುವುದು. ಮೀಟರಿಗೂ ಇದಕ್ಕೂ ಸಂಬಂಧ ಇಲ್ಲ.

ಹಂತ 4: ಫೋನ್ ನೀವೇ ಮಾಡಿ, ನಿಮ್ಮ ಹತ್ತಿರ ಇರುವ ನಂಬರಿಗೇ ಮಾಡಿ

ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಹಂತ ಇಲ್ಲ. ಬಾಗಿಲ ಒಳಗಿನಿಂದಲೇ ಹೇಳಿ: ‘ಸ್ವಲ್ಪ ಇರಿ ಸರ್, ಆಫೀಸಿಗೆ ಫೋನ್ ಮಾಡಿ ಕೇಳ್ತೀನಿ.’ ಆಮೇಲೆ ಹಾಳೆಯಲ್ಲಿರುವ ಸೆಕ್ಷನ್ ಆಫೀಸಿಗೆ ಮಾಡಿ. ಅಲ್ಲಿ ಎತ್ತದಿದ್ದರೆ 1912. ಬಂದವರು ಹೇಳಿದ ಹೆಸರು, ಕೆಲಸ ಎರಡನ್ನೂ ಹೇಳಿ, ‘ಇವರನ್ನು ನೀವು ಕಳಿಸಿದ್ದೀರಾ?’ ಎಂದು ನೇರವಾಗಿ ಕೇಳಿ.

ಗೂಗಲ್‌ನಲ್ಲಿ ಆಗಲೇ ಹುಡುಕಿ ಸಿಕ್ಕ ನಂಬರಿಗೆ ಮಾಡಬೇಡಿ. ಕಸ್ಟಮರ್ ಕೇರ್ ಹೆಸರಲ್ಲಿ ನಕಲಿ ನಂಬರ್‌ಗಳು ಅಲ್ಲೂ ತುಂಬಿಕೊಂಡಿವೆ. ಬಿಲ್ಲಿನ ಮೇಲೆ, ಗ್ಯಾಸ್ ಪುಸ್ತಕದ ಮೇಲೆ ಇರುವ ನಂಬರ್ ಸಾಕು.

ಫೋನ್ ಯಾರೂ ಎತ್ತಲಿಲ್ಲ, ಆಗೇನು? ಉತ್ತರ ಸಿಗದಿದ್ದರೆ ಬಾಗಿಲು ತೆಗೆಯುವುದಿಲ್ಲ, ಅಷ್ಟೇ. ‘ಆಫೀಸಲ್ಲಿ ಯಾರೂ ಸಿಗ್ತಿಲ್ಲ. ನಾಳೆ ಬೆಳಿಗ್ಗೆ ಬನ್ನಿ, ಅಷ್ಟರಲ್ಲಿ ಕೇಳಿಟ್ಟಿರ್ತೀನಿ’ ಅನ್ನಿ.

ಹೀಗೆ ವಾಪಸ್ ಕಳಿಸಿದರೆ ದಂಡ ಬೀಳುತ್ತಾ, ಕನೆಕ್ಷನ್ ಹೋಗುತ್ತಾ ಎನ್ನುವ ಭಯವೇ ಜನರನ್ನು ಬಾಗಿಲು ತೆಗೆಯುವಂತೆ ಮಾಡುವುದು. ಕಾನೂನು ಏನು ಹೇಳುತ್ತದೆ ನೋಡಿ. 2003ರ ವಿದ್ಯುತ್ ಕಾಯ್ದೆಯ 163ನೇ ಕಲಮಿನ ಪ್ರಕಾರ ಸಿಬ್ಬಂದಿ ಮನೆಯೊಳಗೆ ಬರಬಹುದು. ಆದರೆ ಸೂಕ್ತ ಹೊತ್ತಿನಲ್ಲಿ, ಮನೆಯವರಿಗೆ ತಿಳಿಸಿ ಬರಬೇಕು. ನೀವು ಬಿಡಲೇ ಇಲ್ಲ ಅಂದರೂ 24 ಗಂಟೆಯ ಲಿಖಿತ ನೋಟಿಸ್ ಕೊಟ್ಟ ನಂತರವೇ ಅವರು ಸರಬರಾಜು ನಿಲ್ಲಿಸಬಹುದು. ಹತ್ತು ನಿಮಿಷ ಕಾಯಿಸಿದ್ದಕ್ಕೆ ಯಾರೂ ನಿಮ್ಮ ಕರೆಂಟ್ ತೆಗೆಯುವ ಹಾಗಿಲ್ಲ.

ವಿದ್ಯುತ್ ಕಳ್ಳತನದ ತಪಾಸಣೆಗೆ ಅಂತ ಬಂದರೆ ಅದು 135ನೇ ಕಲಮು. ಅದಕ್ಕೂ ನಿಯಮ ಇದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ, ಆ ಮನೆಯಲ್ಲಿ ವಾಸವಿರುವ ವಯಸ್ಕ ಗಂಡಸರು ಇಲ್ಲದಾಗ ವಾಸದ ಮನೆಯ ತಪಾಸಣೆ ಮಾಡುವಂತಿಲ್ಲ. ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಬರೆದು ಮನೆಯವರಿಗೆ ಕೊಡಬೇಕು. ರಾತ್ರಿ ಎಂಟು ಗಂಟೆಗೆ ‘ವಿಜಿಲೆನ್ಸ್’ (ವಿದ್ಯುತ್ ಕಳ್ಳತನ ಪತ್ತೆ ದಳ) ಎಂದು ಹೇಳಿಕೊಂಡು ಯಾರಾದರೂ ಬಂದು, ಮನೆಯಲ್ಲಿ ನೀವೂ ಮಕ್ಕಳೂ ಮಾತ್ರ ಇದ್ದರೆ, ಬಾಗಿಲು ತೆಗೆಯದೆ 112ಕ್ಕೆ ಫೋನ್ ಮಾಡಿ. ನಿಜವಾದ ಅಧಿಕಾರಿಗಳಾಗಿದ್ದರೆ ಪೊಲೀಸರು ಬಂದರೆ ಅವರಿಗೇನೂ ತೊಂದರೆ ಇಲ್ಲ.

ಹಂತ 5: ಅಸಲಿ ಎಂದು ಗೊತ್ತಾದ ಮೇಲೆ ಒಳಗೆ ಬಿಡುವ ರೀತಿ

ಆಫೀಸಿನವರು ಹೌದು ಅಂದರು ಅಂತ ಬಾಗಿಲು ಹಾರುಹೊಡೆದು ಕೂರಬೇಡಿ. ಒಳಗೆ ಒಬ್ಬರೇ ಬರಲಿ, ಇನ್ನೊಬ್ಬರು ಹೊರಗಿರಲಿ. ಬೆಡ್‌ರೂಮ್, ದೇವರಮನೆ ಬಾಗಿಲು ಹಾಕಿಡಿ. ಪರ್ಸ್, ಮೊಬೈಲ್, ಬಿಚ್ಚಿಟ್ಟ ಬಳೆ ಎದುರಿಗೆ ಇರದಿರಲಿ.

ಅವರ ಜೊತೆಗೇ ನಿಂತಿರಿ. ‘ಅಮ್ಮಾ, ಒಂದ್ ಲೋಟ ನೀರು ಕೊಡ್ತೀರಾ?’, ‘ಮೇಲ್ಗಡೆ ಹೋಗಿ ಫ್ಯಾನ್ ಸ್ವಿಚ್ ಹಾಕ್ತೀರಾ?’ ಅಂತ ನಿಮ್ಮನ್ನು ಅಲ್ಲಿಂದ ಸರಿಸುವ ಮಾತು ಬಂದರೆ ಸರಿಯಬೇಡಿ. ಮನೆಯಲ್ಲಿ ಒಬ್ಬರೇ ಇದ್ದರೆ ನೆರೆಯವರು ಬರುವವರೆಗೆ ಕೆಲಸ ಶುರುವಾಗುವುದೇ ಬೇಡ.

ಹಂತ 6: ಹಣದ ಮಾತು ಬಂದರೆ

ಬಂದವರು ಅಸಲಿಯೇ ಆಗಿರಲಿ, ಬಾಗಿಲಲ್ಲಿ ಕೈಗೆ ಹಣ ಕೊಡಬೇಡಿ. ಅವರು ತೋರಿಸುವ ಕ್ಯೂಆರ್ ಕೋಡ್‌ಗೂ ಬೇಡ. ಅವರು ಕಳಿಸುವ ಲಿಂಕ್ ಒತ್ತಬೇಡಿ, ಆ್ಯಪ್ ಹಾಕಿಕೊಳ್ಳಬೇಡಿ.

ಬಾಕಿ ಇದೆ ಅಂದರೆ: ನಿಮ್ಮ ಮೊಬೈಲಿನಲ್ಲೇ ಬೆಸ್ಕಾಂ ಮಿತ್ರ ಆ್ಯಪ್ ಅಥವಾ ನೀವು ಯಾವಾಗಲೂ ಬಳಸುವ ಪೇಮೆಂಟ್ ಆ್ಯಪ್ ತೆರೆದು ನೋಡಿ. ಬಾಕಿ ಇದ್ದರೆ ಅಲ್ಲೇ ಕಟ್ಟಿ, ರಸೀದಿ ತೋರಿಸಿ. ಬಾಕಿ ಇದ್ದಾಗ ಲೈನ್‌ಮ್ಯಾನ್ ಫ್ಯೂಸ್ ತೆಗೆಯಲು ಬರುವುದು ಉಂಟು, ಅದು ಮೋಸ ಅಲ್ಲ. ಆದರೆ ಅದಕ್ಕೂ ಮುಂಚೆ ಕನಿಷ್ಠ 15 ದಿನದ ಲಿಖಿತ ನೋಟಿಸ್ ಇರಬೇಕು ಅನ್ನುತ್ತದೆ ಅದೇ ವಿದ್ಯುತ್ ಕಾಯ್ದೆಯ 56ನೇ ಕಲಮು. ಕೆಲವು ಹಳ್ಳಿಗಳಲ್ಲಿ ಗ್ರಾಮ ವಿದ್ಯುತ್ ಪ್ರತಿನಿಧಿಗಳು ಮನೆಗೇ ಬಂದು ಬಿಲ್ ಹಣ ಪಡೆಯುವ ವ್ಯವಸ್ಥೆ ಇದೆ. ಅವರು ಊರಿಗೆಲ್ಲ ಗೊತ್ತಿರುವವರು, ಬಾಗಿಲಲ್ಲಿ ಹಣ ಬೇಡ ಅನ್ನುವ ಮಾತಿಗೆ ಅದೊಂದೇ ಹೊರತು. ಅಲ್ಲಿಯೂ ರಸೀದಿ ಕೈಗೆ ಬಂದ ಮೇಲೆಯೇ ದುಡ್ಡು.

ದಂಡ ಕಟ್ಟಿ ಅಂದರೆ: ಅಕ್ರಮ ಬಳಕೆಯ ಲೆಕ್ಕ ಲಿಖಿತ ಆದೇಶವಾಗಿ ಬರಬೇಕು, ಅದಕ್ಕೆ ಆಕ್ಷೇಪಣೆ ಸಲ್ಲಿಸಲು ನಿಮಗೆ ಅವಕಾಶ ಇದೆ. ‘ಐದು ಸಾವಿರ ಕೊಡಿ, ಇಲ್ಲೇ ಮುಗಿಸೋಣ’ ಅನ್ನುವವನು ನಕಲಿಯಾದರೂ ತಪ್ಪೇ, ಅಸಲಿಯಾದರೂ ತಪ್ಪೇ.

ಸ್ಮಾರ್ಟ್ ಮೀಟರ್ ಹಾಕ್ತೀವಿ ಅಂದರೆ: 2025ರಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯವಾದ ಸುದ್ದಿ ಎಲ್ಲ ಕಡೆ ಹರಡಿತು. ಅದನ್ನೇ ಹಿಡಿದು ಹಳೇ ಮನೆಯವರ ಹತ್ತಿರ ‘ಅಡ್ವಾನ್ಸ್’ ಕೇಳುವುದು ಸುಲಭ. ಮೀಟರ್ ಬದಲಿಸುವ ವಿಷಯ ಏನೇ ಇದ್ದರೂ ಸೆಕ್ಷನ್ ಆಫೀಸಿಗೆ ಹೋಗಿ ಮಾತಾಡಿ.

ಗೃಹಜ್ಯೋತಿ ಅಂದರೆ: ತಿಂಗಳಿಗೆ 200 ಯೂನಿಟ್‌ವರೆಗಿನ ಈ ಉಚಿತ ವಿದ್ಯುತ್ ಯೋಜನೆಗೆ ನೋಂದಣಿ ಸರ್ಕಾರದ ಸೇವಾಸಿಂಧು ಪೋರ್ಟಲ್ ಮೂಲಕ ಆಗುತ್ತದೆ. ಅದನ್ನು ‘ರಿನ್ಯೂ’ ಮಾಡಿಸಲು ಬಾಗಿಲಿಗೆ ಬಂದವರಿಗೆ ಆಧಾರ್ ಪ್ರತಿ, ಒಟಿಪಿ, ಬೆರಳಚ್ಚು ಯಾವುದನ್ನೂ ಕೊಡಬೇಡಿ. ಬೆರಳಚ್ಚಂತೂ ಬೇಡವೇ ಬೇಡ. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಯಿಂದ ಬೆರಳಚ್ಚಿನ ಮೇಲೆಯೇ ಹಣ ತೆಗೆಯಬಹುದು.

ಸೋಲಾರ್ ಅಂದರೆ: ಮನೆ ಮೇಲೆ ಸೋಲಾರ್ ಹಾಕಿಸುವ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವಾಟ್‌ಗೆ 30,000, 2 ಕಿಲೋವಾಟ್‌ಗೆ 60,000, 3 ಕಿಲೋವಾಟ್ ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಕೇಂದ್ರದ ಸಬ್ಸಿಡಿ ಇದೆ. ಅದು ಬರುವುದು ಪ್ಯಾನಲ್ ಹಾಕಿಸಿ ಪರಿಶೀಲನೆ ಆದ ಮೇಲೆ, ನೇರ ನಿಮ್ಮ ಬ್ಯಾಂಕ್ ಖಾತೆಗೆ. ‘ಸಬ್ಸಿಡಿ ಮಂಜೂರು ಮಾಡಿಸೋಕೆ’ ಅಂತ ಮುಂಗಡ ಕೇಳುವವರು ಯೋಜನೆಯವರಲ್ಲ.

ಬಿಲ್ ಅರ್ಧ ಮಾಡುವ ಡಬ್ಬಿ ತಂದರೆ: ಸಾಕೆಟ್‌ಗೆ ಸಿಕ್ಕಿಸುವ ಚಿಕ್ಕ ಡಬ್ಬಿ ಇದು, ಮುಂದೆ ಹಸಿರು ದೀಪ. ಫ್ಯಾನ್ ಹಾಕಿ, ವೈರಿಗೆ ಕ್ಲ್ಯಾಂಪ್ ಮೀಟರ್ ಸಿಕ್ಕಿಸಿ, ಡಬ್ಬಿ ಹಾಕಿದ ಕೂಡಲೇ ಆಂಪಿಯರ್ ಇಳಿಯುವುದನ್ನು ತೋರಿಸುತ್ತಾರೆ. ಅಂಕಿ ಇಳಿಯುವುದು ನಿಜವೇ, ಒಳಗಿರುವ ಕೆಪಾಸಿಟರ್‌ನಿಂದ ಹಾಗಾಗುತ್ತದೆ. ಆದರೆ ಮನೆಯ ಬಿಲ್ ಆಗುವುದು ಆಂಪಿಯರ್ ಮೇಲಲ್ಲ, ಯೂನಿಟ್ ಮೇಲೆ. ಯೂನಿಟ್ ಇಳಿಯುವುದಿಲ್ಲ.

ಹಂತ 7: ಗ್ಯಾಸ್ ಚೆಕಿಂಗ್‌ನವರು ಬಂದರೆ

ಇದನ್ನು ಬೇರೆ ಹಂತವಾಗಿಯೇ ಬರೆಯಬೇಕು. ಮೀಟರ್ ಹೊರಗಿರುತ್ತದೆ, ಒಲೆ ಅಡುಗೆಮನೆಯಲ್ಲಿರುತ್ತದೆ. ಹಾಗಾಗಿ ಗ್ಯಾಸ್ ಹೆಸರಿನಲ್ಲಿ ಬಂದವನಿಗೆ ಒಳಗೆ ಬರಲು ನೆಪ ಸುಲಭವಾಗಿ ಸಿಗುತ್ತದೆ.

ನಡೆಯುವುದು ಹೀಗೆ. ಬ್ಯಾಗ್ ಹಾಕಿಕೊಂಡು ಬಂದು ‘ಕಂಪನಿಯಿಂದ ಕಡ್ಡಾಯ ಚೆಕಿಂಗ್’ ಅನ್ನುತ್ತಾರೆ. ಸಿಲಿಂಡರ್ ಹತ್ತಿರ ಕೂತು ರೆಗ್ಯುಲೇಟರ್ ಅಲುಗಾಡಿಸುತ್ತಾರೆ, ಪೈಪಿಗೆ ಸೋಪಿನ ನೀರು ಸವರುತ್ತಾರೆ. ಸಡಿಲ ಮಾಡಿದ ಕಡೆ ಗುಳ್ಳೆ ಏಳುತ್ತದೆ. ‘ನೋಡಿ ಅಮ್ಮಾ, ಎಷ್ಟು ಲೀಕ್ ಆಗ್ತಿದೆ, ಮಕ್ಕಳಿರೋ ಮನೆ’ ಅಂದರೆ ಯಾರಿಗೆ ಹೆದರಿಕೆ ಆಗುವುದಿಲ್ಲ? ಅಷ್ಟರಲ್ಲಿ ಬ್ಯಾಗಿನಿಂದ ಹೊಸ ಪೈಪ್, ‘ಸೇಫ್ಟಿ ಡಿವೈಸ್’ ಹೊರಬರುತ್ತದೆ. ಹಳೇ ಪೈಪ್ ಕತ್ತರಿಸಿಯೂ ಆಗಿರುತ್ತದೆ. ಕೇಳಿದಷ್ಟು ಕೊಡದೆ ಬೇರೆ ದಾರಿ ಇರುವುದಿಲ್ಲ.

ಇದಕ್ಕೆ ತಡೆ ಎಂದರೆ ನಿಮ್ಮ ಪೈಪಿನ ಸ್ಥಿತಿ ನಿಮಗೇ ಮೊದಲು ಗೊತ್ತಿರುವುದು. ಇವತ್ತೇ ನೋಡಿ. ಏಜೆನ್ಸಿಯವರು ಕೊಡುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಮೇಲೆ ಐಎಸ್‌ಐ ಗುರುತು, ಇಸವಿ ಅಚ್ಚಾಗಿರುತ್ತದೆ. ಅದರ ಬಾಳಿಕೆ 5 ವರ್ಷ. ಅವಧಿ ಮುಗಿದಿದ್ದರೆ, ಬಿರುಕು ಬಿಟ್ಟಿದ್ದರೆ ಏಜೆನ್ಸಿಯಿಂದಲೇ ಬದಲಿಸಿಕೊಳ್ಳಿ. ಇಸವಿಯನ್ನು ಬಾಗಿಲ ಹಾಳೆಯಲ್ಲಿ ಬರೆದಿಡಿ. ಆಗ ‘ಪೈಪ್ ಎಕ್ಸ್‌ಪೈರ್ ಆಗಿದೆ’ ಅನ್ನುವ ಮಾತಿಗೆ ಬಾಗಿಲಲ್ಲೇ ಉತ್ತರ ಕೊಡಬಹುದು.

ರೆಗ್ಯುಲೇಟರನ್ನು ಏಜೆನ್ಸಿಯವರು ಡಿಪಾಸಿಟ್ ಇಟ್ಟುಕೊಂಡು ಕೊಟ್ಟಿರುತ್ತಾರೆ. ಹೊರಗಿನವರಿಂದ ಕೊಳ್ಳುವ ವಸ್ತು ಅಲ್ಲ ಅದು. ತಪಾಸಣೆ ಇದೆಯಾ, ಶುಲ್ಕ ಇದೆಯಾ, ಇದ್ದರೆ ಎಷ್ಟು ಅನ್ನುವುದನ್ನು ಏಜೆನ್ಸಿಗೆ ಫೋನ್ ಮಾಡಿ ಕೇಳಿ. ಏಜೆನ್ಸಿ ಹೌದು ಅನ್ನುವವರೆಗೆ ಸಿಲಿಂಡರ್ ಮುಟ್ಟಲು ಬಿಡಬೇಡಿ. ಇ-ಕೆವೈಸಿಗೆ (ಗ್ರಾಹಕರ ಗುರುತು ದೃಢಪಡಿಸುವುದಕ್ಕೆ) ಯಾವ ಶುಲ್ಕವೂ ಇಲ್ಲ. ಅದನ್ನು ಏಜೆನ್ಸಿಯಲ್ಲೋ ಕಂಪನಿಯ ಆ್ಯಪ್‌ನಲ್ಲೋ ಮಾಡಿ. ಸಿಲಿಂಡರ್ ಡೆಲಿವರಿಗೆ ಬರುವ ಕೋಡನ್ನು ಸಿಲಿಂಡರ್ ಕೈಗೆ ಬಂದ ಮೇಲೆ ಮಾತ್ರ ಹೇಳಿ.

ನಿಜವಾಗಿಯೇ ಗ್ಯಾಸ್ ವಾಸನೆ ಬಂದರೆ ಕ್ರಮ ಬೇರೆ. ಒಲೆ, ರೆಗ್ಯುಲೇಟರ್ ಆಫ್ ಮಾಡಿ. ಕಿಟಕಿ, ಬಾಗಿಲು ತೆರೆಯಿರಿ. ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಬೆಂಕಿಕಡ್ಡಿ ಗೀರಿ ಲೀಕ್ ತೋರಿಸುತ್ತೇನೆ ಅನ್ನುವವನನ್ನು ಆ ಕ್ಷಣವೇ ಹೊರಗೆ ಕಳಿಸಿ.

ಹಂತ 8: ಅನುಮಾನ ಬಂದಾಗ ಕಳಿಸುವುದು ಹೇಗೆ

ಜಗಳ ಬೇಡ, ‘ನೀನು ಕಳ್ಳ’ ಅನ್ನುವುದೂ ಬೇಡ. ‘ಈಗ ಆಗಲ್ಲ, ಆಫೀಸಿಗೆ ನಾವೇ ಬರ್ತೀವಿ’ ಅಂತ ಹೇಳಿ ಮಾತು ನಿಲ್ಲಿಸಿ. ಒಬ್ಬರೇ ಇದ್ದೀರಿ ಅಂತ ತೋರಿಸಿಕೊಳ್ಳಬೇಡಿ. ಹೋಗದೆ ನಿಂತರೆ, ಬಾಗಿಲು ಬಡಿದರೆ 112. ಹಿಂದೆ ಹೋಗಿ ಹಿಡಿಯುವ ಸಾಹಸ ಬೇಡ. ಗಾಡಿ ನಂಬರ್ ಕಿಟಕಿಯಿಂದ ಕಂಡರೆ ಬರೆದುಕೊಳ್ಳಿ.

ಆಮೇಲೆ ಅಕ್ಕಪಕ್ಕದ ಮನೆಗೆ, ಬೀದಿಯ ವಾಟ್ಸಾಪ್ ಗುಂಪಿಗೆ, ಅಪಾರ್ಟ್‌ಮೆಂಟ್ ಸೆಕ್ಯುರಿಟಿಗೆ ತಕ್ಷಣ ತಿಳಿಸಿ. ನಿಮ್ಮ ಮನೆಯಲ್ಲಿ ಆಗದಿದ್ದರೆ ಅವರು ಮುಂದಿನ ಮನೆಗೇ ಹೋಗುವುದು. ಅಲ್ಲಿ ವಯಸ್ಸಾದವರು ಒಬ್ಬರೇ ಇರಬಹುದು.

ಹಂತ 9: ಮೋಸ ಆಗಿಹೋಗಿದ್ದರೆ

ಸುಮ್ನೆ ತಲೆ ಮೇಲೆ ಕೈ ಹೊತ್ತು ಕೂರಬೇಡಿ. ನಾಚಿಕೆಯಿಂದ ಮನೆಯವರಿಗೆ ಹೇಳದೆ ಮುಚ್ಚಿಡುವುದು ಇಲ್ಲಿ ಆಗುವ ಕೊನೆಯ ತಪ್ಪು. ಹಿರಿಯರು ಮೋಸ ಹೋಗಿದ್ದರೆ ಮೊದಲು ಅವರನ್ನು ಬೈಯುವುದನ್ನು ಬಿಡಿ. ಬೈದರೆ ವಿವರ ಹೊರಗೆ ಬರುವುದಿಲ್ಲ.

ಯುಪಿಐ ಅಥವಾ ಬ್ಯಾಂಕಿನಿಂದ ಹಣ ಹೋಗಿದ್ದರೆ ಎಲ್ಲಕ್ಕಿಂತ ಮೊದಲು 1930. ಹಣ ಮುಂದಿನ ಖಾತೆಗೆ ದಾಟುವ ಮುಂಚೆ ತಡೆಹಿಡಿಯಬೇಕಾದರೆ ಪ್ರತಿ ನಿಮಿಷವೂ ಮುಖ್ಯ. ವಹಿವಾಟಿನ ನಂಬರ್, ಸಮಯ, ಮೊತ್ತ ಕೈಯಲ್ಲಿರಲಿ. ಆಮೇಲೆ ಬ್ಯಾಂಕಿಗೆ ತಿಳಿಸಿ. ಬೆರಳಚ್ಚು ಕೊಟ್ಟಿದ್ದರೆ ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಗೊತ್ತಾಗದಿದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ ಕೇಳಿ.

ನಗದು, ಒಡವೆ ಹೋಗಿದ್ದರೆ ಠಾಣೆಗೆ ದೂರು. ಪೊಲೀಸರು ಬರುವವರೆಗೆ ಅವರು ಮುಟ್ಟಿದ ಕಪಾಟು, ಲೋಟ ಯಾವುದನ್ನೂ ಒರೆಸಬೇಡಿ. ಸರ್ಕಾರಿ ನೌಕರನಂತೆ ನಟಿಸುವುದೇ ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಮಿನಡಿ ಅಪರಾಧ. ಹಾಗಾಗಿ ‘ಹಣ ಹೋಗಿಲ್ಲವಲ್ಲ, ಬಿಡಿ’ ಎಂದು ಯಾರಾದರೂ ಹೇಳಿದರೂ ದೂರು ಕೊಡಿ.

ಅವರು ಗ್ಯಾಸ್ ಪೈಪ್, ರೆಗ್ಯುಲೇಟರ್ ಮುಟ್ಟಿದ್ದರೆ ಏಜೆನ್ಸಿಯ ಮೆಕ್ಯಾನಿಕ್ ನೋಡುವವರೆಗೆ ಒಲೆ ಹಚ್ಚಬೇಡಿ. ಮೀಟರ್ ಮುಟ್ಟಿದ್ದರೆ, ಸೀಲ್ ಕಿತ್ತಿದ್ದರೆ ಹಳೇ ಫೋಟೋ, ಈಗಿನ ಫೋಟೋ ಎರಡನ್ನೂ ಲಗತ್ತಿಸಿ ಅವತ್ತೇ ಸೆಕ್ಷನ್ ಆಫೀಸಿಗೆ ಲಿಖಿತ ಅರ್ಜಿ ಕೊಡಿ. ನಿಮ್ಮ ಪ್ರತಿಯ ಮೇಲೆ ತಾರೀಕು ಹಾಕಿಸಿ, ಆಫೀಸಿನ ಮೊಹರು ಹೊಡೆಸಿಕೊಂಡೇ ಬನ್ನಿ.